ನೂರ ಎಂಬತ್ತನಾಲ್ಕರಲ್ಲಿ ಬಂದ ಅಲೆ

ಇವರಿಗೆ,
ಗೋವಾದ ನಮ್ಮ ಸಂಸ್ಥೆಯ ಗಣಕ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ತಾಂತ್ರಿಕ ಸಹಾಯಕರು.

ವಿಷಯ: ಕಪ್ಪುಕುಳಿಗಳ ಲೆಕ್ಕ ಮಾಡುವ ಯಂತ್ರಗಳ ಬಳಿ ಕಳೆದ ನನ್ನ ಸೇವಾವಧಿಯ ಅನುಭವಗಳನ್ನು, ವಿಶೇಷವಾಗಿ ನನ್ನ ಕೈಯಿಂದಾದ ಒಂದು ತಪ್ಪನ್ನು ತಮ್ಮ ಗಮನಕ್ಕೆ ತರುವ ಬಗ್ಗೆ.

ಉಲ್ಲೇಖ: ಪ್ರಯೋಗಾಲಯದ ದಿನಚರಿ ಪುಸ್ತಕದಲ್ಲಿ ನನ್ನ ಕೈಬರಹದ ಒಂದು ಸಾಲು: ‘ಮೆಮೊರಿ ಕೊರತೆಯ ಹಿನ್ನೆಲೆಯಲ್ಲಿ ಅಗತ್ಯ ಹೊಂದಾಣಿಕೆ ಮಾಡಲಾಗಿದೆ.’

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಇದುವರೆಗೆ ಪುಸ್ತಕಕ್ಕಾಗಲಿ ಪತ್ರಿಕೆಗಾಗಲಿ ಏನನ್ನೂ ಬರೆದವನಲ್ಲ. ನಾನು ಬರೆದದ್ದೆಲ್ಲ ರಜೆ ಅರ್ಜಿ, ಸಾಮಗ್ರಿಯ ಬೇಡಿಕೆ ಪತ್ರ, ದುರಸ್ತಿ ವರದಿ ಮತ್ತು ದಿನಚರಿ ಪುಸ್ತಕ. ಆದಕಾರಣ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ಮನ್ನಿಸಬೇಕಾಗಿ ಕೋರುತ್ತೇನೆ. ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಇದು ಮೂರನೆಯ ಸಲ.

ಯಾವ ಬಡ್ತಿ ಯಾವಾಗ ದೊರೆಯಿತು ಎಂಬ ವಿವರ ನನ್ನ ಸೇವಾ ಪುಸ್ತಕದಲ್ಲಿದೆ. ಇಲ್ಲಿ ಅದರ ಅಗತ್ಯವಿಲ್ಲ. ಸೇವಾ ಪುಸ್ತಕದಲ್ಲಿ ಇಲ್ಲದ ಸಂಗತಿ ಒಂದಿದೆ. ರೇಣುಕಾ ಎಂಬ ಸಂಶೋಧನಾ ವಿದ್ಯಾರ್ಥಿನಿಯವರ ಐದು ವರ್ಷಗಳ ದುಡಿಮೆಯ ಕೊನೆಯ ಅಧ್ಯಾಯವು, ಉಲ್ಲೇಖದಲ್ಲಿ ಕಾಣಿಸಿದ ನನ್ನ ಒಂದು ಸಾಲಿನಿಂದಾಗಿ, ಪರೀಕ್ಷಕರ ಮುಂದೆ ಸುಳ್ಳಾಗಿ ನಿಲ್ಲುವುದರಲ್ಲಿತ್ತು. ಅದನ್ನು ತಿಳಿಸಬೇಕಾದರೆ ಆ ಕೆಲಸ ಎಂಥದೆಂಬುದನ್ನು ಮೊದಲು ತಿಳಿಸಬೇಕಾಗುತ್ತದೆ.

ನಮ್ಮ ತಂದೆಯವರು ವಿಜಯಪುರದ ಕಡೆಯಿಂದ ಫೋಂಡಾಕ್ಕೆ ಬಂದು ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದವರು. ಅಣ್ಣ ಭೀಮಣ್ಣ ಅದೇ ಕರಣೆ ಹಿಡಿದರು. ನಾನು ಐ.ಟಿ.ಐ. ಮುಗಿಸಿ, ಸಂಸ್ಥೆಯ ಗಣಕ ಕೋಣೆಯಲ್ಲಿ ತಾಂತ್ರಿಕ ಸಹಾಯಕನ ಹುದ್ದೆಗೆ ಅರ್ಜಿ ಹಾಕಿಕೊಂಡೆ. ಸಂದರ್ಶನದಲ್ಲಿ ಕುಳಿತಿದ್ದವರು ಪ್ರೊಫೆಸರ್ ಸರದೇಸಾಯಿಯವರು. ಅವರು ಗೋವಾದವರೇ ಆದರೂ ಧಾರವಾಡದಲ್ಲಿ ಓದಿದ್ದರಿಂದ ನಮ್ಮಂಥವರ ಜೊತೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು.

“ಶಿವಪ್ಪ, ಗುರುತ್ವಾಕರ್ಷಣೆ ಅಂದ್ರ ನಿಮಗೇನ ಗೊತ್ತೈತಿ?”

“ಮ್ಯಾಲಿಂದ ಬಿದ್ರ ಪೆಟ್ಟ ಹತ್ತತೈತಿ ಅನ್ನೂದು ಗೊತ್ತೈತ್ರಿ ಸರ್. ನಮ್ಮಪ್ಪ ಗೋಡಿ ಕಟ್ಟಾಕ ನಿಲ್ಲೂ ಬಿದಿರಿನ ಪರಾಂಚಿ ಮ್ಯಾಲಿಂದ ಎರಡ ಸಲ ಬಿದ್ದಾನ.”

ಅವರು ನಕ್ಕರು. ಆಮೇಲೆ ಕರಿಹಲಗೆಯ ಮೇಲೆ ಒಂದೇ ಸಾಲಿನ ಸಮೀಕರಣವೊಂದನ್ನು ಬರೆದು, ಭೂಮಿ ಸೂರ್ಯನ ಸುತ್ತ ಸುತ್ತುವುದು, ಪರಾಂಚಿಯ ಮೇಲಿಂದ ಮನುಷ್ಯ ಬೀಳುವುದು, ಬೆಳಕು ಬಾಗುವುದು ಎಲ್ಲವೂ ಈ ಸಾಲಿನಲ್ಲಿದೆ ಎಂದರು. ನೋಡಲು ಒಂದು ಸಾಲು, ಬಿಡಿಸಿದರೆ ಹತ್ತು ಸಮೀಕರಣಗಳು, ಒಂದರೊಳಗೊಂದು ಹೆಣೆದುಕೊಂಡವು. ಒಂಟಿ ಕಪ್ಪುಕುಳಿಗೆ ಅದನ್ನು ಕಾಗದದ ಮೇಲೆ ಬಿಡಿಸಬಹುದಂತೆ. ಎರಡು ಕುಳಿಗಳು ಒಂದನ್ನೊಂದು ಸುತ್ತುತ್ತ ಹತ್ತಿರ ಬಂದು ಕೂಡಿಕೊಳ್ಳುವುದನ್ನು ಮಾತ್ರ ಪೆನ್ನಿನಿಂದ ಬಿಡಿಸಿದವರು ಇಲ್ಲವಂತೆ.

“ಅದಕ್ಕ ಏನ ಮಾಡತೇವಿ, ಜಾಗಾನ ಚೌಕ ಚೌಕ ಮಾಡಿ, ಒಂದೊಂದ ಮೂಲಿಗೆ ಒಂದಿಷ್ಟ ಅಂಕಿ ಇಡತೇವಿ. ಕಾಲಾನ ಒಂದೀಟ ಮುಂದ ಸರಸತೇವಿ. ಅಂಕಿ ಬದಲಾಗತಾವ. ಮತ್ತೊಂದೀಟ ಸರಸತೇವಿ. ನಿಮ್ಮಪ್ಪ ಸ್ಲ್ಯಾಬಿಗೆ ಕಬ್ಬಿಣದ ಸರಳು ಕಟ್ಟೂದು ನೋಡೀರಿಲ್ಲ? ಭಾರ ಬೀಳೂ ಕಡೆ ಹೆಂಗ ಕಟ್ಟತಾರ?”

“ದಟ್ಟ ಕಟ್ಟತಾರ್ರಿ.”

“ಅಷ್ಟ. ಕುಳಿ ಹತ್ರ ನಾವೂ ಚೌಕ ದಟ್ಟ ಮಾಡತೇವಿ. ನಿಮಗ ನಮ್ಮ ಕೆಲಸಾ ಬರತೈತಿ.”

ಹೀಗೆ ನನ್ನ ನೇಮಕವಾಯಿತು.

ಸೇರಿದ ಮೊದಲ ವರ್ಷದಲ್ಲಿಯೇ ನನ್ನಿಂದ ಒಂದು ಪ್ರಮಾದವಾಯಿತು. ಒಂದು ಮಧ್ಯಾಹ್ನ ಪರದೆಯ ತುಂಬ ಅಂಕಿಗಳ ಬದಲು ‘ಇದು ಸಂಖ್ಯೆಯಲ್ಲ’ ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳು ಬಂದು ಕುಳಿತವು. ಯಂತ್ರ ಕೆಟ್ಟಿತೆಂದು ತಿಳಿದು ನಾನು ಅದನ್ನು ಬಿಚ್ಚಿದೆ. ಗೋವಾದ ತೇವದ ಗಾಳಿಗೆ ಮೆಮೊರಿ ಕಾರ್ಡುಗಳ ಅಂಚಿಗೆ ಕಿಲುಬು ಹಿಡಿಯುತ್ತದೆ. ಅದನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದು ನಮ್ಮ ವೃತ್ತಿಯ ಮೊದಲ ಪಾಠ. ಎಲ್ಲ ಕಾರ್ಡುಗಳನ್ನೂ ಉಜ್ಜಿ, ಜೋಡಿಸಿ, ‘ಯಂತ್ರವನ್ನು ಸುಸ್ಥಿತಿಗೆ ತರಲಾಗಿದೆ’ ಎಂದು ವರದಿ ಬರೆದು, ಲೆಕ್ಕವನ್ನು ಮೊದಲಿನಿಂದ ಹಚ್ಚಿದೆ. ಎರಡು ದಿನಗಳ ನಂತರ ಸರಿಯಾಗಿ ಅದೇ ಹೆಜ್ಜೆಯಲ್ಲಿ ಅವೇ ಮೂರು ಅಕ್ಷರಗಳು ಬಂದವು.

ಸರದೇಸಾಯಿ ಸರ್ ಬಂದು ನೋಡಿ, “ಯಂತ್ರ ಸರಿ ಐತಿ ಶಿವಪ್ಪ. ನಾವು ಕುಳಿಯೊಳಗ ಬಿದ್ವಿ” ಎಂದರು.

ಕುಳಿಯ ನಡುವೆ ಅಂಕಿಗಳು ಏರುತ್ತ ಏರುತ್ತ ಕೊನೆಯಿಲ್ಲದಂತಾಗುತ್ತವೆ, ಅವುಗಳನ್ನು ಹಿಡಿದಿಡಲು ಯಾವ ಯಂತ್ರದಿಂದಲೂ ಆಗುವುದಿಲ್ಲ ಎಂದು ಅವರು ವಿವರಿಸಿದರು. ಬೆರಳಿಗೆ ರಬ್ಬರಿನ ಪುಡಿ ಮೆತ್ತಿಕೊಂಡು ನಿಂತಿದ್ದ ನನಗೆ ಅಂದು ಮೊದಲ ಬಾರಿಗೆ ಮೈ ಜುಮ್ಮೆಂದಿತು. ಅಷ್ಟು ದೂರದ, ಯಾರೂ ಹೋಗಲಾರದ ಸ್ಥಳವೊಂದು ನಮ್ಮ ಕೋಣೆಯ ಯಂತ್ರವನ್ನು ನಿಲ್ಲಿಸಿತ್ತು.

ಅದಕ್ಕೆ ಉಪಾಯವೂ ಇತ್ತು. ಕುಳಿಗೆ ಒಂದು ಅಂಚು ಇರುತ್ತದೆ. ಅದರೊಳಗಿನಿಂದ ಬೆಳಕೂ ಹೊರಗೆ ಬರಲಾರದು. ಹಾಗಿದ್ದ ಮೇಲೆ ಅಂಚಿನ ಒಳಭಾಗವನ್ನೇ ಲೆಕ್ಕದಿಂದ ಕತ್ತರಿಸಿ ತೆಗೆದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಮುಂದೆ ಇನ್ನೊಂದು ವಿಧಾನ ಬಂದಿತು. ಕತ್ತರಿಸುವ ಬದಲು, ಕುಳಿಯ ಒಳಗಿನ ಗಡಿಯಾರವನ್ನು ಹೆಚ್ಚುಕಡಿಮೆ ನಿಲ್ಲಿಸಿ, ಹೊರಗಿನ ಗಡಿಯಾರಗಳನ್ನು ಓಡಲು ಬಿಡುವುದು. ಒಂದೇ ಲೆಕ್ಕದಲ್ಲಿ ಒಂದು ಮೂಲೆಯ ಕಾಲ ನಿಂತಿದೆ, ಮತ್ತೊಂದು ಮೂಲೆಯ ಕಾಲ ಸಾಗಿದೆ! ಇದು ಮೋಸವಲ್ಲವೇ ಎಂದು ನಾನು ಕೇಳಿದ್ದುಂಟು. ಸಮೀಕರಣವೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ, ಅದರ ಮೇಲೆ ನೀವು ಯಾರು ಎಂದು ಸರ್ ನಕ್ಕರು.

ಅದಕ್ಕೂ ಮುಂಚೆ ಹಲವು ವರ್ಷ ನಮ್ಮ ಎರಡು ಕುಳಿಗಳು ಅರ್ಧ ಸುತ್ತು ಸುತ್ತುವಷ್ಟರಲ್ಲಿ ಲೆಕ್ಕ ಕುಸಿಯುತ್ತಿತ್ತು. ಹೊರದೇಶದ ತಂಡಗಳು ಕಂಡುಕೊಂಡ ಹೊಸ ವಿಧಾನವನ್ನು ನಮ್ಮವರೂ ಅಳವಡಿಸಿಕೊಂಡ ಮೇಲೆ, ಒಂದು ದಿನ ಊಟದ ಡಬ್ಬಿ ಬಿಚ್ಚುವ ವೇಳೆಗೆ, ಪರದೆಯ ಮೇಲೆ ಎರಡು ಕಪ್ಪು ಚುಕ್ಕೆಗಳು ಸುತ್ತಿ ಸುತ್ತಿ ಹತ್ತಿರ ಬಂದು ಒಂದಾದವು. ಲೆಕ್ಕ ಕುಸಿಯಲಿಲ್ಲ. ಗಂಟೆ ಬಾರಿಸಿದ ಮೇಲೆ ನಾದ ಅಡಗುವಂತೆ ಅಲೆಯೊಂದು ಎದ್ದು, ಕಂಪಿಸಿ, ಕಿರಿದಾಗುತ್ತ ಹೋಯಿತು. ಸರ್ ಕೂಡಿದ ಕುಳಿಯ ಅಂಚಿನ ವಿಸ್ತಾರವನ್ನು ಅಳೆದರು. ಅದು ಮೊದಲಿನ ಎರಡರ ಮೊತ್ತಕ್ಕಿಂತ ಹೆಚ್ಚಾಗಿತ್ತು. ಹಾಗೆಯೇ ಆಗಬೇಕೆಂಬುದು ಶಾಸ್ತ್ರ. “ಇದನ್ನ ನಾವ್ ಅದಕ್ಕ ಹೇಳಿಕೊಟ್ಟಿಲ್ಲ ಶಿವಪ್ಪ” ಎಂದವರೇ ಮತ್ತೊಮ್ಮೆ ಅಳೆಯತೊಡಗಿದರು. ನನ್ನ ಡಬ್ಬಿಯ ರೊಟ್ಟಿ ಹಾಗೆಯೇ ಒಣಗಿತು.

ಈ ಕೆಲಸದಲ್ಲಿ ತಾವು ಮೊದಲು ಕಲಿಯಬೇಕಾದ ರೂಢಿಯೊಂದಿದೆ. ಯಾವ ಫಲಿತಾಂಶವನ್ನೂ ಒಂದೇ ಸಲಕ್ಕೆ ನಂಬುವಂತಿಲ್ಲ. ಅದೇ ಲೆಕ್ಕವನ್ನು ದೊಡ್ಡ ಚೌಕಗಳಲ್ಲಿ, ಮಧ್ಯಮ ಚೌಕಗಳಲ್ಲಿ, ಸಣ್ಣ ಚೌಕಗಳಲ್ಲಿ, ಹೀಗೆ ಮೂರು ಸಲ ಮಾಡಬೇಕು. ಚೌಕ ಸಣ್ಣದಾದಂತೆ ತಪ್ಪು ಗೊತ್ತಾದ ಪ್ರಮಾಣದಲ್ಲಿ ತಗ್ಗಬೇಕು. ಹಾಗೆ ತಗ್ಗಿದರೆ ಮಾತ್ರ ಅದು ನಿಜ. ಉತ್ತರ ಯಾರಿಗೂ ಗೊತ್ತಿಲ್ಲದ ಲೆಕ್ಕದಲ್ಲಿಯೂ ತಪ್ಪೆಷ್ಟು ಎಂಬುದು ಹೀಗೆ ತಿಳಿಯುತ್ತದೆ. ನಮ್ಮಲ್ಲಿ ಇದಕ್ಕೆ ಮೂರು ಜಾಲರಿ ಎಂದು ಹೆಸರು. ಮೂರು ಜಾಲರಿ ಒಪ್ಪಿದರೆ ಸರ್ ಒಪ್ಪುತ್ತಿದ್ದರು. ನನಗೂ ಅದರ ಮೇಲೆ ಪೂರ್ಣ ಭರವಸೆಯಿತ್ತು. ಆ ಭರವಸೆಯೇ ಮುಂದೆ ನಮ್ಮೆಲ್ಲರನ್ನೂ ದಾರಿ ತಪ್ಪಿಸಿತು.

ರೇಣುಕಾ ಅವರು ಸಂಶೋಧನೆಗೆ ಸೇರಿದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಬಾಗಲಕೋಟೆಯ ಕಡೆಯ ಕುಟುಂಬ. ತಂದೆಯವರು ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವವರು. ಮೊದಲ ದಿನವೇ ನನ್ನ ಮಾತಿನ ಧಾಟಿ ಕೇಳಿ, “ಕಾಕಾ, ನೀವು ನಮ್ಮ ಕಡೇವ್ರು! ಇನ್ನ ನನ್ನ ಲೆಕ್ಕ ನಿಂತ್ರ ನಿಮ್ಮನ್ನ ಬೈಯಾಕ ಹಗರ ಆತು” ಎಂದರು. ಮಾತು ಚುರುಕು, ಕೆಲಸ ಅದಕ್ಕಿಂತ ಚುರುಕು.

ಅವರ ವಿಷಯವೆಂದರೆ, ಸರ್ ಹಲಗೆಯ ಮೇಲೆ ಬರೆದಿದ್ದ ಆ ಒಂದು ಸಾಲಿಗೆ ಚಿಕ್ಕದೊಂದು ಹೊಸ ಪದವನ್ನು ಸೇರಿಸಿದರೆ ಕುಳಿಗಳು ಕೂಡಿದ ಮೇಲಿನ ಅಲೆ ಬದಲಾಗುತ್ತದೆಯೇ ಎಂದು ನೋಡುವುದು. ಪದ ಸೇರಿಸದ ಹಳೆಯ ಲೆಕ್ಕಗಳನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿದ್ದರು. ಪದ ಸೇರಿಸಿದ ಹೊಸ ಲೆಕ್ಕಗಳು ಉಳಿದಿದ್ದವು. ಅದೇ ಅವರ ಕೊನೆಯ ಅಧ್ಯಾಯ.

ಆ ವರ್ಷದ ಮಳೆಗಾಲದಲ್ಲಿ ಹವಾನಿಯಂತ್ರಣ ಕೆಟ್ಟು ಹಲವು ದಿನ ದುರಸ್ತಿಯಾಗಲಿಲ್ಲ. ಗೋಡೆಗಳ ಮೇಲೆ ನೀರು ಹನಿಯಿತು. ನಾಲ್ಕು ಯಂತ್ರಗಳ ಮೆಮೊರಿ ಕಾರ್ಡುಗಳು ರಬ್ಬರಿಗೂ ಬಗ್ಗದಷ್ಟು ಹಾಳಾದವು. ಹೊಸವು ಬರಲು ತಿಂಗಳುಗಳು ಬೇಕಿದ್ದವು. ರೇಣುಕಾ ಅವರ ಲೆಕ್ಕ ಉಳಿದ ಯಂತ್ರಗಳಲ್ಲಿ ಹಿಡಿಸಲಿಲ್ಲ.

ಇಲ್ಲಿ ಹೊರಗೋಡೆಯ ವಿಷಯವನ್ನು ಅರಿಕೆ ಮಾಡಬೇಕು. ಆಕಾಶಕ್ಕೆ ಕೊನೆಯಿಲ್ಲ, ಆದರೆ ಯಂತ್ರಕ್ಕೆ ಇದೆ. ಚೌಕಗಳನ್ನು ಎಲ್ಲಿಯೋ ಒಂದು ಕಡೆ ನಿಲ್ಲಿಸಲೇಬೇಕು. ಆ ಕೊನೆಯ ಅಂಚನ್ನು ನಾವು ಹೊರಗೋಡೆ ಎನ್ನುತ್ತೇವೆ. ಬಂದ ಅಲೆಯನ್ನು ಹೊರಗೆ ಹೋಗಲು ಬಿಡು ಎಂದು ಅದಕ್ಕೆ ಆಜ್ಞೆ ಕೊಟ್ಟಿರುತ್ತೇವೆ. ಆದರೂ ಎಳ್ಳಷ್ಟು ಅಲೆ ತಿರುಗಿ ಬಂದೇ ಬರುತ್ತದೆ. ಅದಕ್ಕೆಂದೇ ಗೋಡೆಯನ್ನು ಮುನ್ನೂರು ಮಾನ (ದೂರಕ್ಕೂ ಕಾಲಕ್ಕೂ ನಾವು ಬಳಸುವ ಅಳತೆ) ದೂರದಲ್ಲಿ ಇಡುತ್ತಿದ್ದೆವು. ತಿರುಗಿದ ಅಲೆ ವಾಪಸು ಬರುವುದರೊಳಗೆ ಲೆಕ್ಕವೇ ಮುಗಿದಿರುತ್ತಿತ್ತು. ಆದ್ದರಿಂದ ನಮ್ಮಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ.

ಗೋಡೆಯ ದೂರ ಇದ್ದದ್ದು ರೇಣುಕಾ ಅವರ ಕಡತದಲ್ಲಲ್ಲ. ಅದು ಯಂತ್ರಗಳಿಗೆ ಸಂಬಂಧಿಸಿದ, ನನ್ನ ಸುಪರ್ದಿಯ ಕಡತದಲ್ಲಿತ್ತು. ಅವರ ಕೆಲಸ ನಿಲ್ಲಬಾರದೆಂಬ ಒಂದೇ ಉದ್ದೇಶದಿಂದ, ಚೌಕಗಳ ಸಂಖ್ಯೆ ತಗ್ಗಿ ಲೆಕ್ಕ ಹಿಡಿಸಲೆಂದು, ನಾನು ಗೋಡೆಯನ್ನು ಮುನ್ನೂರರಿಂದ ನೂರ ಐವತ್ತಕ್ಕೆ ತಂದೆ. ಒಂದಕ್ಕೊಂದು ತಾಳೆಯಾಗಲಿ ಎಂದು ಮೂರು ಜಾಲರಿಗೂ ಅದೇ ಅಂಕಿ ಹಾಕಿದೆ. ಬಳಿಕ ದಿನಚರಿ ಪುಸ್ತಕದಲ್ಲಿ ಉಲ್ಲೇಖಿತ ಸಾಲನ್ನು ಬರೆದು, ಕೆಳಗೆ ಸಹಿ ಹಾಕಿ, ಚೆನ್ನಾಗಿ ಬರೆದೆನೆಂದು ಸಮಾಧಾನಪಟ್ಟೆ.

ಐದು ತಿಂಗಳಲ್ಲಿ ಲೆಕ್ಕಗಳು ಮುಗಿದವು. ಒಂದು ಬೆಳಿಗ್ಗೆ ರೇಣುಕಾ ಅವರು ಕೂಗಿ ಕರೆದರು.

“ಕಾಕಾ, ಲಗೂ ಬರ್ರಿ!”

“ಏನಾತವ್ವಾ, ಮತ್ತ ನಿಂತತೇನು?”

“ನಿಂತಿಲ್ರಿ. ಎಲ್ಲಾ ಮುಗದೈತಿ. ಮುಗದ ಮ್ಯಾಲ ಇದೇನ ಎದ್ದೈತಿ ನೋಡ್ರಿ.”

ಗಂಟೆಯ ನಾದ ಅಡಗಿ, ಗೆರೆ ನೆಟ್ಟಗಾದ ಎಷ್ಟೋ ಹೊತ್ತಿನ ಮೇಲೆ, ಮೊದಲ ಅಲೆ ಬಂದಲ್ಲಿಂದ ನೂರ ಎಂಬತ್ತನಾಲ್ಕನೆಯ ಮಾನದಲ್ಲಿ, ಸಣ್ಣದೊಂದು ಅಲೆ ಎದ್ದಿತ್ತು. ನೋಡಿದರೆ ಮೊದಲ ಅಲೆಯ ಮರಿಯಂತಿತ್ತು. ಸರದೇಸಾಯಿ ಸರ್ ಓಡಿ ಬಂದರು. ಕುಳಿಯ ಅಂಚಿನಲ್ಲಿ ನಮಗೆ ತಿಳಿಯದ್ದೇನಾದರೂ ಇದ್ದರೆ ಹೀಗೆ ಮಾರ್ದನಿ ಬರಬಹುದು ಎಂದು ಊಹಿಸಿದವರಿದ್ದಾರೆ ಎಂದರು. ಹೊಸ ಪದವಿಲ್ಲದ ಹಳೆಯ ಲೆಕ್ಕಗಳಲ್ಲಿ ಈ ಅಲೆ ಇರಲಿಲ್ಲ. ಪದ ಸೇರಿಸಿದವುಗಳಲ್ಲಿ ಇತ್ತು. ಮೂರು ಜಾಲರಿಯೂ ಒಪ್ಪಿದವು. ಇನ್ನೇನು ಬೇಕು? ಕಪ್ಪುಕುಳಿಯೊಂದು ನಮ್ಮ ಕೋಣೆಯಲ್ಲಿ ಎರಡನೆಯ ಸಲ ಮಾತನಾಡಿತು ಎಂದು ನಾನೂ ನಂಬಿದೆ. ಯಂತ್ರಗಳ ಮುಂದೆ ನಿಂತಾಗ ಗುಡಿಯೊಳಗೆ ನಿಂತಂತೆ ಆಗುತ್ತಿತ್ತು.

ಪ್ರಬಂಧ ಸಲ್ಲಿಸುವ ಅವಧಿ ಮುಗಿಯುತ್ತ ಬಂದಿತ್ತು. ಹೊರಗಿನಿಂದ ಬರುವ ಇಬ್ಬರು ಪರೀಕ್ಷಕರ ಮುಂದೆ ರೇಣುಕಾ ಅವರು ಗುರುವಾರ ಉಪನ್ಯಾಸ ಕೊಡಬೇಕೆಂದು ನಿಗದಿಯಾಯಿತು. ಅವರ ತಂದೆಯವರು ಪಾಳಿ ಬದಲಿಸಿಕೊಂಡು ಮಗಳ ಮಾತು ಕೇಳಲು ಬರುವುದಾಗಿ ತಿಳಿಸಿದ್ದರು.

ಅದಕ್ಕೆ ಮುಂಚಿನ ಭಾನುವಾರ ನಾನು ಫೋಂಡಾದಲ್ಲಿ ಅಣ್ಣನ ಕೆಲಸ ನಡೆದಿದ್ದ ಮನೆಯೊಂದಕ್ಕೆ ಹೋಗಿದ್ದೆ. ಹೊಸ ಸ್ಲ್ಯಾಬು ಬಿರುಕು ಬಿಡದಿರಲೆಂದು ಅದರ ಮೇಲೆ ಚಿಕ್ಕ ಚಿಕ್ಕ ಒಡ್ಡು ಕಟ್ಟಿ, ಚೌಕ ಚೌಕವಾಗಿ ನೀರು ನಿಲ್ಲಿಸಿದ್ದರು. ಅಣ್ಣ ಒಡ್ಡಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

“ಏನೋ ಶಿವ್ಯಾ, ನಿಮ್ಮ ಕರೇ ಕುಣಿ ಹೆಂಗೈತಿ? ತುಂಬಿತೋ ಇಲ್ಲೋ? ಇಲ್ಲಾಂದ್ರ ಹೇಳು, ನಾಕ ಬುಟ್ಟಿ ಖಡಿ ಕಳಸತೇನಿ.”

“ಅದು ತುಂಬೂ ಕುಣಿ ಅಲ್ಲಣ್ಣಾ. ಮೊನ್ನೆ ಎರಡನೇ ಸಲ ದನಿ ಮಾಡೇತಿ.”

“ದನಿ ಮಾಡೇತಂತ! ನೀ ಕೇಳೀ?”

“ಕೇಳೂದಲ್ಲ, ಅಲೆ. ನೀರಿನ್ಯಾಗ ಏಳತೈತೆಲ್ಲ, ಹಂಗ.”

ಅಣ್ಣ ಇಟ್ಟಿಗೆಯ ಚೂರೊಂದನ್ನು ಎತ್ತಿ ಚೌಕದ ನಡುವೆ ಒಗೆದರು. ಉಂಗುರದಂತೆ ಅಲೆ ಹರಡಿತು. ನೀರು ಶಾಂತವಾಯಿತು. ಸ್ವಲ್ಪ ಹೊತ್ತಿಗೆ ನಡುವೆ ಮತ್ತೆ ನೀರು ಅಲುಗಿತು.

“ತಗೋ, ನಂದೂ ಎರಡನೇ ಸಲ ದನಿ ಮಾಡ್ತು” ಎಂದು ನಕ್ಕರು. “ಒಡ್ಡಿಗೆ ಬಡದು ಹೊಳ್ಳಿ ಬರತೈತೋ ಮಾರಾಯಾ. ಇದಕ್ಕ ಸಾಲಿ ಕಲೀಬೇಕೇನು?”

ನಾನು ನಗಲಿಲ್ಲ. ಅಣ್ಣನ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು, ಖಾಲಿ ಸಿಮೆಂಟ್ ಚೀಲದ ಮೇಲೆ ಲೆಕ್ಕ ಮಾಡಿದೆ. ಅಲೆಯನ್ನು ಅಳೆಯುವ ಸ್ಥಳ ಕುಳಿಯಿಂದ ಅರವತ್ತು ಮಾನ ದೂರ. ಗೋಡೆ ನೂರ ಐವತ್ತು. ನಡುವಿನ ದಾರಿ ತೊಂಬತ್ತು. ಹೋಗಿ ಬಂದರೆ ನೂರ ಎಂಬತ್ತು. ಒಂದು ಮಾನ ಕಾಲಕ್ಕೆ ಅಲೆ ಒಂದು ಮಾನ ದೂರ ಸಾಗುತ್ತದೆ ಎಂಬುದು ನಮ್ಮ ಲೆಕ್ಕದ ರೂಢಿ. ಈ ಅಲೆ ಕಾಣದ ಹಳೆಯ ಲೆಕ್ಕಗಳಲ್ಲಿ ಗೋಡೆ ಮುನ್ನೂರರಲ್ಲಿತ್ತು. ನೂರ ಎಂಬತ್ತೆಲ್ಲಿ, ನೂರ ಎಂಬತ್ತನಾಲ್ಕೆಲ್ಲಿ ಎಂದು ಆ ನಾಲ್ಕನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಧೈರ್ಯ ತಂದುಕೊಂಡೆ. ಆ ಧೈರ್ಯ ಬಸ್ಸು ಹತ್ತುವವರೆಗೂ ಉಳಿಯಲಿಲ್ಲ.

ತಮ್ಮಲ್ಲಿ ಮುಚ್ಚಿಡದೆ ಹೇಳುತ್ತೇನೆ. ಸುಮ್ಮನಿದ್ದುಬಿಡೋಣವೆಂದು ನನಗೆ ಅನ್ನಿಸಿತು. ನಿವೃತ್ತಿಗೆ ಒಂದು ವರ್ಷವಷ್ಟೇ ಉಳಿದಿತ್ತು. ದಿನಚರಿಯಲ್ಲಿ ತಪ್ಪು ಬರೆದವನೆಂಬ ಮಾತು ಎಂದೂ ಬಂದಿರಲಿಲ್ಲ. ಆದರೆ ಗುರುವಾರ ಆ ಸಭೆಯಲ್ಲಿ ನಿಲ್ಲುವವರು ನಾನಾಗಿರಲಿಲ್ಲ. ಯಾರಾದರೂ ಎದ್ದು ‘ನಿಮ್ಮ ಗೋಡೆ ಎಲ್ಲಿದೆ’ ಎಂದು ಕೇಳಿದರೆ, ರೇಣುಕಾ ಅವರು ನಂಬಿಕೆಯಿಂದ ‘ಮುನ್ನೂರು’ ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಹೋದಾಗ ಅವರು ಉಪನ್ಯಾಸದ ಚಿತ್ರಗಳನ್ನು ಸಿದ್ಧಪಡಿಸುತ್ತಿದ್ದರು.

“ಕಾಕಾ, ಈ ಅಲೆಗೆ ಬಾಣದ ಗುರುತು ಕೆಂಪ ಹಾಕ್ಲೋ, ಹಳದಿ ಹಾಕ್ಲೋ?”

“ಬಾಣ ಹಾಕಬ್ಯಾಡವ್ವಾ.”

“ಯಾಕ್ರಿ?”

“ಅದು ಕುಳಿದಲ್ಲ. ನನ್ನ ಗೋಡಿದು.”

ಗೋಡೆ ಸರಿಸಿದ್ದನ್ನು ಹೇಳಿದೆ. ಅವರ ಕೈ ಕೀಲಿಮಣೆಯ ಮೇಲೆಯೇ ನಿಂತಿತು.

“ನನಗ್ಯಾಕ ಹೇಳಲಿಲ್ರಿ?”

“ಪುಸ್ತಕದಾಗ ಬರದೇನಿ.”

ಅವರು ಎದ್ದು ದಿನಚರಿ ತೆಗೆದು, ಪುಟ ಹುಡುಕಿ, ಗಟ್ಟಿಯಾಗಿ ಓದಿದರು. “‘ಅಗತ್ಯ ಹೊಂದಾಣಿಕೆ ಮಾಡಲಾಗಿದೆ.’ ಇದರಾಗ ಗೋಡಿ ಎಲ್ಲೈತ್ರಿ ಕಾಕಾ? ಮುನ್ನೂರ ಎಲ್ಲೈತಿ, ನೂರಾ ಐವತ್ತ ಎಲ್ಲೈತಿ? ಇದನ್ನ ನಾನೂ ಓದೇನ್ರಿ. ಯಾವುದರೆ ಎರಡ ಮಶೀನ್ ಬಂದ್ ಮಾಡ್ಯಾರ ಅನಕೊಂಡೆ. ಐದ ತಿಂಗಳಾ! ಐದ ತಿಂಗಳಾ ನಾ ಈ ಸಾಲಿನ ಮ್ಯಾಲ ಮನಿ ಕಟ್ಟೇನಿ.”

ಅಷ್ಟರಲ್ಲಿ ಸರದೇಸಾಯಿ ಸರ್ ಒಳಗೆ ಬಂದರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, “ಸಿಟ್ಟು ಆಮ್ಯಾಲ ಮಾಡೋಣ. ಮೊದಲ ಶಿವಪ್ಪ ಹೇಳೂದು ಖರೇ ಏನು ನೋಡೋಣ. ಅವ್ರ ಮಾತೂ ಸುಳ್ಳಿರಬಹುದು. ರೇಣುಕಾ, ಹೆಂಗ ನೋಡತೀರಿ?” ಎಂದರು.

ರೇಣುಕಾ ಅವರು ಸೀಮೆಸುಣ್ಣ ಎತ್ತಿಕೊಂಡರು.

“ಗೋಡಿ ಐವತ್ತ ಮಾನ ಹಿಂದ ಸರಸೋಣ್ರಿ, ಇನ್ನೂರಕ್ಕ. ಅಷ್ಟಾದ್ರ ದೊಡ್ಡ ಚೌಕದಾಗ ಹಿಡಸತೈತಿ, ಬುಧವಾರಕ್ಕ ಮುಗೀತೈತಿ. ಅಲೆ ಕುಳಿದಿದ್ರ ಅದಕ್ಕ ಗೋಡಿ ಎಲ್ಲಿದ್ರೇನು, ಅದ ನೂರಾ ಎಂಬತ್ತನಾಕಕ್ಕ ಬರತೈತಿ. ಗೋಡಿದಿದ್ರ ಹೋಗಾಕ ಐವತ್ತ, ಬರಾಕ ಐವತ್ತ, ನೂರ ತಡಾ ಆಗಬೇಕು.”

ಹಲಗೆಯ ಎಡಕ್ಕೆ 184, ಬಲಕ್ಕೆ 284 ಎಂದು ಬರೆದರು. ಆ ನಾಲ್ಕು ಎಲ್ಲಿಂದ ಬಂದಿತೆಂದು ನಾನು ಅಂಜುತ್ತಲೇ ಕೇಳಿದೆ. “ಅಲ್ಲಿ ಜಾಗಾನ ಬಗ್ಗೇತಲ್ರಿ, ಅಲೀಗೆ ದಾರಿ ಒಂಚೂರು ಉದ್ದ ಆಗತೈತಿ” ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಆಮೇಲೆ ಅವರು ನನ್ನನ್ನು ಕಾಕಾ ಎನ್ನಲಿಲ್ಲ.

ಬುಧವಾರ ಮಧ್ಯಾಹ್ನ ಮೂವರೂ ಪರದೆಯ ಮುಂದೆ ಕುಳಿತೆವು. ಗೆರೆ ಬಿಂದು ಬಿಂದುವಾಗಿ ಬೆಳೆಯುತ್ತಿತ್ತು. ನೂರ ಎಂಬತ್ತು ಬಂದಿತು. ನೂರ ಎಂಬತ್ತನಾಲ್ಕು ಬಂದಿತು. ಗೆರೆ ನೆಟ್ಟಗೆ ಮುಂದೆ ಹೋಯಿತು. ರೇಣುಕಾ ಅವರು ಕಣ್ಣು ಮುಚ್ಚಿಕೊಂಡರು. ಐದು ತಿಂಗಳ ಅಲೆ ಅಲ್ಲಿ ಇರಲಿಲ್ಲ. ಆಮೇಲೆ ಯಾರೂ ಏಳಲಿಲ್ಲ. ಇನ್ನೂರ ಐವತ್ತು, ಇನ್ನೂರ ಎಂಬತ್ತು. ಇನ್ನೂರ ಎಂಬತ್ತನಾಲ್ಕರಲ್ಲಿ ಆ ಮರಿ ಅಲೆ ತಲೆಯೆತ್ತಿತು.

ಆ ಕ್ಷಣವನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಅದು ನನ್ನ ತಪ್ಪು. ತಪ್ಪಾಗಿದ್ದರೂ ಅದು ಮನಬಂದಂತೆ ಬರಲಿಲ್ಲ. ಹೋಗುವಾಗ ನೂರ ನಲವತ್ತು, ಬರುವಾಗ ನೂರ ನಲವತ್ತು, ಬಾಗಿದ ದಾರಿಗೆ ನಾಲ್ಕು ಎಂದು ಎಣಿಸಿಕೊಂಡು, ಬೆಳಕಿನ ನಡಿಗೆಗಿಂತ ಒಂದು ಹೆಜ್ಜೆಯನ್ನೂ ಮುಂದಿಡದೆ, ಹಲಗೆಯ ಮೇಲೆ ಕಾದಿದ್ದ ಅಂಕಿಗೆ ಬಂದು ನಿಂತಿತು. ಕುಳಿಗೆ ಹೇಗೋ ಹಾಗೆಯೇ ನನ್ನ ತಪ್ಪಿಗೂ ಅದೇ ಸಮೀಕರಣ ಅನ್ವಯಿಸಿತ್ತು. ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ.

“ಛಂದ ಐತಿ” ಎಂದರು ಸರ್, ಮೆಲ್ಲಗೆ.

ರೇಣುಕಾ ಅವರು ಕಣ್ಣೊರೆಸಿಕೊಂಡು, “ಛಂದ ಏನೋ ಐತ್ರಿ ಸರ್. ನಾಳೆ ನಮ್ಮಪ್ಪ ಬರಾಕತ್ತಾನ, ಅವಗ ಏನಂತ ತೋರಸ್ಲಿ?” ಎಂದರು.

“ಇದನ್ನ ತೋರಸ್ರಿ.”

ಗುರುವಾರ ಸಭಾಂಗಣದಲ್ಲಿ ಅವರು ಎರಡು ಗೆರೆಗಳನ್ನೂ ಒಂದರ ಕೆಳಗೊಂದು ಇಟ್ಟು ತೋರಿಸಿದರು. ನಾವು ಕಂಡೆವೆಂದು ತಿಳಿದದ್ದು ಇದು, ಅದು ಅದಲ್ಲವೆಂದು ತಿಳಿದದ್ದು ಹೀಗೆ ಎಂದರು. ಸಂಶಯ ಹೇಗೆ ಬಂದಿತೆಂದು ಪರೀಕ್ಷಕರೊಬ್ಬರು ಕೇಳಿದರು. ನಮ್ಮ ತಾಂತ್ರಿಕ ಸಹಾಯಕರು ಭಾನುವಾರ ಒಂದು ಸ್ಲ್ಯಾಬ್ ನೋಡಿ ಬಂದರು ಎಂದು ರೇಣುಕಾ ಅವರು ಉತ್ತರಿಸಿದಾಗ ಸಭೆಯೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ಅಂಗಿಯಲ್ಲಿಯೇ ಕುಳಿತಿದ್ದ ಅವರ ತಂದೆಯವರು ಗಾಬರಿಯಾಗಿ ನನ್ನ ಕಡೆ ಬಾಗಿದರು.

“ಸಾಹೇಬ್ರ, ಎಲ್ಲಾರೂ ನಗಾಕತ್ತಾರಲ್ರಿ. ನಮ್ಮ ಹುಡುಗಿ ನಪಾಸ್ ಆದಳೇನ್ರಿ?”

“ಇಲ್ರಿ ಯಜಮಾನ್ರ. ಆ ನಗು ನನ್ನ ಮ್ಯಾಲಿಂದು.”

ಕೊನೆಯ ಅಧ್ಯಾಯವನ್ನು ಗೋಡೆ ದೂರವಿಟ್ಟು ಮತ್ತೆ ಮಾಡಿ ಸಲ್ಲಿಸಬೇಕೆಂದು ಪರೀಕ್ಷಕರು ಸೂಚಿಸಿ, ಅದಕ್ಕೆ ಕಾಲಾವಕಾಶವನ್ನೂ ಕೊಟ್ಟರು. ಹೊಸ ಮೆಮೊರಿ ಕಾರ್ಡುಗಳು ಬಂದವು. ಈ ಬಾರಿ ಮೂರು ಜಾಲರಿಯ ಜೊತೆಗೆ ಗೋಡೆಯನ್ನೂ ಮೂರು ದೂರಗಳಲ್ಲಿ ಇಟ್ಟು ನೋಡಿದರು. ಮಾರ್ದನಿ ಇರಲಿಲ್ಲ. ಹೊಸ ಪದದಿಂದ ಗಂಟೆಯ ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು, ಅಷ್ಟೆ. ಎಲ್ಲ ಜಾಲರಿಗಳೂ ಎಲ್ಲ ಗೋಡೆಗಳೂ ಅದನ್ನು ಒಪ್ಪಿದವು. ನಾದ ಅಡಗಿದ ಮೇಲೆ ಗೆರೆ ಕೊನೆಯವರೆಗೂ ನೆಟ್ಟಗೆ ಹೋಯಿತು. ಅಷ್ಟು ದೊಡ್ಡ ಎರಡು ಕುಳಿಗಳು ಕೂಡಿ, ಕಂಪಿಸಿ, ಆಮೇಲೆ ಆ ಮೌನ. ಮಾರ್ದನಿ ಕಂಡ ದಿನಕ್ಕಿಂತ ಆ ನೆಟ್ಟನೆಯ ಗೆರೆಯ ಮುಂದೆ ನಾನು ಹೆಚ್ಚು ಹೊತ್ತು ನಿಂತಿದ್ದೇನೆ. ಅದರಲ್ಲಿ ನನ್ನದೇನೂ ಇರಲಿಲ್ಲ. ಪ್ರಬಂಧ ಅಂಗೀಕಾರವಾಯಿತು.

ಅಂಗೀಕಾರದ ಸುದ್ದಿ ಬಂದ ದಿನ ರೇಣುಕಾ ಅವರು ದಿನಚರಿ ಪುಸ್ತಕವನ್ನು ತಂದು ನನ್ನ ಮುಂದಿಟ್ಟು, “ಕಾಕಾ, ಆ ಸಾಲ ತಿದ್ರಿ. ಮುಂದ ಬರೋರ ಓದತಾರ” ಎಂದರು. ಬಹಳ ದಿನಗಳ ಮೇಲೆ ಕಾಕಾ ಎಂದಿದ್ದರು. ಹಳೆಯ ಸಾಲನ್ನು ಹೊಡೆದುಹಾಕದೆ ಅದರ ಕೆಳಗೆ ಹೊಸ ಸಾಲೊಂದನ್ನು ಬರೆದೆ. ನನಗೆ ಅಷ್ಟು ನೇರವಾದ ಸಾಲು ಬರೆದು ಅಭ್ಯಾಸವಿರಲಿಲ್ಲ.

ಅಂದಿನಿಂದ ಪ್ರಯೋಗಾಲಯದಲ್ಲಿ ಯಾರೇ ಲೆಕ್ಕ ಹಚ್ಚಲಿ, ಇನ್ನೊಬ್ಬರು ಒಂದು ಪ್ರಶ್ನೆ ಕೇಳುವುದು ರೂಢಿಯಾಗಿದೆ. ಅಣ್ಣನ ಸ್ಲ್ಯಾಬಿನ ಕಥೆ ಕೇಳಿ ಅದನ್ನು ಆರಂಭಿಸಿದವರು ರೇಣುಕಾ ಅವರು. ನಾನು ಸೇವೆಯಿಂದ ಬಿಡುಗಡೆಯಾದ ದಿನ ಕೀಲಿಕೈ ಒಪ್ಪಿಸಿ ಬಾಗಿಲು ದಾಟುವಾಗ, ಒಳಗೆ ಕೇರಳದ ವಿದ್ಯಾರ್ಥಿಯೊಬ್ಬರು, ಕನ್ನಡದ ಬೇರೆ ಒಂದು ಮಾತೂ ಬಾರದವರು, “ಒಡ್ಡು ಎಲ್ಲೈತಿ?” ಎಂದು ಗಟ್ಟಿಯಾಗಿ ಕೇಳುತ್ತಿದ್ದರು. “ಮುನ್ನೂರು” ಎಂದು ಕೊಂಕಣಿ ಮಾತನಾಡುವ ಹುಡುಗಿಯೊಬ್ಬರು ಉತ್ತರ ಕೊಟ್ಟರು.

ತಾವೂ ಕೇಳಬೇಕೆಂದು, ಕೇಳಿದವರಿಗೆ ಅಂಕಿಯನ್ನೇ ಹೇಳಬೇಕೆಂದು ತಮ್ಮಲ್ಲಿ ವಿನಂತಿ.

ತಮ್ಮವನೇ ಆದ,
ಶಿವಪ್ಪ
ನಿವೃತ್ತ ತಾಂತ್ರಿಕ ಸಹಾಯಕ, ಫೋಂಡಾ

ಅಡಕ: ದಿನಚರಿ ಪುಸ್ತಕದಲ್ಲಿ ಉಲ್ಲೇಖಿತ ಸಾಲಿನ ಕೆಳಗೆ ಬರೆದ ಸಾಲಿನ ಪ್ರತಿ: ‘ಗೋಡೆಯನ್ನು ಮುನ್ನೂರರಿಂದ ನೂರ ಐವತ್ತಕ್ಕೆ ತಂದೆ. ಯಾರಿಗೂ ಹೇಳಲಿಲ್ಲ. ಶಿವಪ್ಪ.’